ಕೆನೆಯೋ ಗಿಣ್ಣೋ?

ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಒಂದೇ ತರಹ ಕಾಣುವ ಎರಡು ವಸ್ತು ಎದುರಿಗೆ ಬಂದರೆ ಸಾಕು, ಕಣ್ಣು ತಾನಾಗಿಯೇ ಅವುಗಳ ವ್ಯತ್ಯಾಸ ಹುಡುಕಲು ಹೊರಡುತ್ತದೆ. ಚೆಕ್ಕಿನ ಮೇಲಿನ ಸಹಿಯನ್ನು ಬ್ಯಾಂಕಿನಲ್ಲಿರುವ ಮಾದರಿ ಸಹಿಯ ಜೊತೆ ತಾಳೆ ನೋಡುವುದೇ ಆಗ ನಮ್ಮ ಅರ್ಧ ದಿನದ ಕೆಲಸ. ಮಕ್ಕಳೇ, ಆಗ ಕಂಪ್ಯೂಟರ್ ಪರದೆ ಇರಲಿಲ್ಲ. ಮರದ ಟ್ರೇಯಲ್ಲಿ ಸಾಲಾಗಿ ಜೋಡಿಸಿಟ್ಟ ಕಾರ್ಡುಗಳಲ್ಲಿ ಹುಡುಕಿ ತೆಗೆದು ನೋಡಬೇಕಿತ್ತು. ನನಗೆ ಕೆಲಸ ಕಲಿಸಿದ ಹಿರಿಯ ಗುಮಾಸ್ತರು, "ಎರಡು ಸಹಿ ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಒಂದೇ ಆಗಿದ್ದರೆ ಅನುಮಾನಪಡು. ಮನುಷ್ಯ ಎರಡು ಸಲ ಒಂದೇ ರೀತಿ ಸಹಿ ಹಾಕಲಾರ. ಯಾರೋ ಕೆಳಗಿಟ್ಟು ತಿದ್ದಿದ್ದಾರೆ ಅಂತ ಅರ್ಥ" ಎನ್ನುತ್ತಿದ್ದರು.

ಇಷ್ಟೆಲ್ಲ ತರಬೇತಿ ಇದ್ದ ನಾನು ಕಳೆದ ನವೆಂಬರಿನಿಂದ ಜನವರಿಯವರೆಗೆ ನಮ್ಮ ನಡುಮನೆಯ ಗೋಡೆಗೆ ಎರಡು ಬಣ್ಣಗಳಲ್ಲಿ ಯಾವುದು ಎಂದು ತೀರ್ಮಾನವಾಗದೆ ಕೂತಿದ್ದೆ. ಅದರ ಕತೆ ಇದು.

ನಮ್ಮದು ಶಿವಮೊಗ್ಗದಲ್ಲಿ ಸಾಲ ತೆಗೆದು ಕಟ್ಟಿಸಿದ ಮನೆ. ನಾನು, ನನ್ನಾಕೆ, ಮಗ, ಸೊಸೆ, ಆರನೇ ತರಗತಿಯ ಮೊಮ್ಮಗಳು, ಮೂರನೇ ತರಗತಿಯ ಮೊಮ್ಮಗ. ನಡುಮನೆಯ ಹಳೆಯ ಬಣ್ಣ ತಿಳಿಹಸಿರು. ಹನ್ನೊಂದು ಮಳೆಗಾಲ ಕಂಡಿತ್ತು. ಮಲೆನಾಡಿನ ಬಾಗಿಲಲ್ಲಿರುವ ಊರು ನಮ್ಮದು. ಮಳೆಗಾಲದಲ್ಲಿ ಗೋಡೆ ಒಳಗೊಳಗೇ ನೀರು ಕುಡಿದಿರುತ್ತದೆ. ಆಗ ಬಣ್ಣ ಬಳಿದರೆ ಹಪ್ಪಳದ ಹಾಗೆ ಎದ್ದು ನಿಲ್ಲುತ್ತದೆ. ಅದಕ್ಕೇ ದೀಪಾವಳಿ ಕಳೆದು ಗೋಡೆ ಒಣಗಿದ ಮೇಲೆ ಪೇಂಟಿಂಗ್ ಮೇಸ್ತ್ರಿಯನ್ನು ಕರೆಸಿದೆ. ಆತ ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ, "ಪುಟ್ಟಿಗೆ ನಾಲ್ಕು ದಿನ ಬೇಕು ಸಾರ್. ಪುಟ್ಟಿಯನ್ನ ಚೆನ್ನಾಗಿ ಉಜ್ಜಬೇಕು" ಎಂದ. ನಮ್ಮ ಮೊಮ್ಮಗಳನ್ನು ಮನೆಯಲ್ಲಿ ಕರೆಯುವುದು ಪುಟ್ಟಿ ಅಂತಲೇ. ಅವಳ ತಮ್ಮ ಅವತ್ತೆಲ್ಲ ಉಪ್ಪುಕಾಗದ ಹಿಡಿದುಕೊಂಡು ಅಕ್ಕನ ಹಿಂದೆ ಓಡಾಡಿದ.

ಪೇಂಟ್ ಅಂಗಡಿಗೆ ನಾನೂ ಮೊಮ್ಮಕ್ಕಳೂ ಹೋದೆವು. ನನ್ನ ವಯಸ್ಸಿನವರಿಗೆ ಪೇಂಟ್ ಅಂಗಡಿ ಎಂದರೆ ಈಗಲೂ ಕಣ್ಣಿಗೆ ಬರುವುದು ಏಷ್ಯನ್ ಪೇಂಟ್ಸಿನ ಗಟ್ಟು. ಹಣೆಯ ಮೇಲೆ ಕೂದಲು ಇಳಿಬಿಟ್ಟುಕೊಂಡು ಕೈಯಲ್ಲಿ ಬ್ರಷ್ ಹಿಡಿದ ತುಂಟ ಹುಡುಗ. ಅವನನ್ನು 1954ರಲ್ಲಿ ಬರೆದುಕೊಟ್ಟವರು ನಮ್ಮ ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣ್. ಈಗಿನ ಅಂಗಡಿಯಲ್ಲಿ ಗಟ್ಟು ಇಲ್ಲ, ಯಂತ್ರ ಇದೆ. ಬಿಳಿ ಬಣ್ಣದ ಡಬ್ಬಿಯನ್ನು ಅದರ ಕೆಳಗಿಟ್ಟು ಶೇಡಿನ ನಂಬರ್ ಒತ್ತಿದರೆ ಹಳದಿ, ಕೆಂಪು, ಕಪ್ಪು, ಯಾವುದೆಷ್ಟು ಬೇಕೋ ಅಷ್ಟು ತೊಟ್ಟು ಬೀಳುತ್ತದೆ. ಆಮೇಲೆ ಇನ್ನೊಂದು ಯಂತ್ರ ಡಬ್ಬಿಯನ್ನು ಗಡಗಡ ಅಲುಗಿಸಿ ಬೆರೆಸುತ್ತದೆ. ಹೀಗೆ ಒಂದು ಸಲ ಬೆರೆಸಿಕೊಟ್ಟ ಬಣ್ಣವನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ. ನಮ್ಮ ಹೆದರಿಕೆಗೆ ಅದೂ ಒಂದು ಕಾರಣ.

ಅಂಗಡಿಯ ಹುಡುಗ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ಶೇಡ್ ಕಾರ್ಡ್ ಕೊಟ್ಟ. ನಮ್ಮ ಕಾಲದಲ್ಲಿ 'ಬಿಳಿ' ಎಂಬ ಒಂದೇ ಹೆಸರಿದ್ದ ಬಣ್ಣಕ್ಕೆ ಅದರಲ್ಲಿ ಪುಟಗಟ್ಟಲೆ ಹೆಸರು. ಎರಡು ಸಂಜೆ ಮನೆಯವರೆಲ್ಲ ಕೂತು ಅಳಿಸಿ ಅಳಿಸಿ ಕೊನೆಗೆ ಎರಡು ಉಳಿದವು. ಎರಡೂ ತೆಳು ಕೆನೆಬಣ್ಣ. ಎರಡರ ಬೆಲೆಯಲ್ಲೂ ಒಂದು ರೂಪಾಯಿ ವ್ಯತ್ಯಾಸವಿಲ್ಲ, ಹಾಗಾಗಿ ನನ್ನ ಬಿ.ಕಾಂ. ಕೂಡ ಉಪಯೋಗಕ್ಕೆ ಬರಲಿಲ್ಲ. ಕಾರ್ಡಿನಲ್ಲಿದ್ದ ಇಂಗ್ಲಿಷ್ ಹೆಸರುಗಳು ಯಾರ ಬಾಯಿಗೂ ಹತ್ತದೆ ಮೊಮ್ಮಗ ಅವಕ್ಕೆ ಬೇರೆ ಹೆಸರಿಟ್ಟ. ಒಂದು 'ಕೆನೆ', ಇನ್ನೊಂದು 'ಗಿಣ್ಣು'. ಗಿಣ್ಣದ ಹಾಲು ಒಂದಿಷ್ಟು ಹಳದಿ ತಿರುಗಿರುತ್ತದಲ್ಲ, ಅದು ಅವನ ಲೆಕ್ಕ. ಗಿಣ್ಣು ಅವನಿಗೆ ಬಲು ಇಷ್ಟ. ಅವನ ವೋಟು ಯಾವುದಕ್ಕೆ ಎಂದು ಹೇಳಬೇಕಾಗಿಲ್ಲ.

ನನ್ನ ಬಾಲ್ಯದಲ್ಲಿ ಈ ತಾಪತ್ರಯ ಇರಲಿಲ್ಲ. ವರ್ಷಕ್ಕೊಮ್ಮೆ ಹಬ್ಬಕ್ಕೆ ಮುಂಚೆ ಸುಣ್ಣ. ಸುಟ್ಟ ಸುಣ್ಣದ ಹರಳನ್ನು ಬಾನಿಗೆ ಹಾಕಿ ನೀರು ಸುರಿದರೆ ಒಲೆಯಿಲ್ಲದೆಯೇ ಕೊತಕೊತ ಕುದಿಯುತ್ತಿತ್ತು. ನಾವು ಮಕ್ಕಳು ಹತ್ತಿರ ಹೋಗದಂತೆ ಅಪ್ಪ ಗದರುತ್ತಿದ್ದರು. ಅದನ್ನು ಸೋಸಿ, ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಚಿಟಿಕೆ ಕದಡಿ, ನಾರಿನ ಕುಂಚದಲ್ಲಿ ಬಳಿಯುವುದು. ಬಳಿದಾಗ ನೀರು ನೀರಾಗಿ, ಗೋಡೆಯ ಕಲೆಯೆಲ್ಲ ಹಾಗೇ ಕಾಣುತ್ತದೆ. ಒಣಗುತ್ತ ಒಣಗುತ್ತ ಬೆಳ್ಳಗಾಗುತ್ತದೆ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುವುದರಿಂದ ಹೀಗೆ. ಈಗಿನ ಎಮಲ್ಷನ್ನಿನದು ಇದಕ್ಕೆ ತದ್ವಿರುದ್ಧ. ಹಸಿಯಾಗಿದ್ದಾಗ ಅದರಲ್ಲಿರುವ ಅಂಟು ಹಾಲಿನಂತೆ ಬೆಳ್ಳಗಿದ್ದು, ಒಣಗಿದ ಮೇಲೆ ಪಾರದರ್ಶಕವಾಗುತ್ತದೆ. ಹಾಗಾಗಿ ಒಣಗಿದ ಬಣ್ಣ ಹಸಿಗಿಂತ ಒಂದು ಗುಂಜಿ ಗಾಢ. ಬಳಿಯುವಾಗಲೇ ನೋಡಿ "ಅಯ್ಯೋ, ತೀರಾ ಬಿಳಿಯಾಯಿತು" ಎಂದು ಮೇಸ್ತ್ರಿಯ ಜೊತೆ ಜಗಳ ತೆಗೆಯುವವರು ಒಂದು ರಾತ್ರಿ ಕಾಯುವುದು ಒಳ್ಳೆಯದು.

ಸುಣ್ಣಕ್ಕೆ ನೀಲಿ ಯಾಕೆ ಎಂದು ಪುಟ್ಟಿ ಕೇಳಿದಳು. ಬರೀ ಸುಣ್ಣ ಕಣ್ಣಿಗೆ ತುಸು ಹಳದಿಯಾಗಿ ಕಾಣುತ್ತದೆ. ನೀಲಿ ಆ ಹಳದಿಯನ್ನು ಅಡಗಿಸುತ್ತದೆ, ಬಿಳಿ ಇನ್ನೂ ಬೆಳ್ಳಗೆ ಕಾಣುತ್ತದೆ. ಈ ನೀಲಿ-ಹಳದಿಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮೊದಲು ಮೇಸ್ತ್ರಿ ಹಳೆಯ ಹಸಿರು ಗೋಡೆಯ ಮೇಲೆಯೇ ಎರಡೂ ಬಣ್ಣವನ್ನು ತಟ್ಟೆಯಗಲ ಬಳಿದು ತೋರಿಸಿದ. ನೋಡಿದರೆ ಎರಡೂ ಗುಲಾಬಿ! ಸೊಸೆ, "ಇದೇನು ಮಾವ, ಅಂಗಡಿಯವರು ಬೇರೆ ಡಬ್ಬಿ ಕೊಟ್ಟರಾ?" ಎಂದಳು. ಡಬ್ಬಿ ಅದೇ. ತಪ್ಪು ಹಸಿರಿನದು. ಹಸಿರಿನ ಮಧ್ಯೆ ಇಟ್ಟ ಯಾವ ತೆಳುಬಣ್ಣವೂ ಒಂದಿಷ್ಟು ಕೆಂಪು ತಿರುಗಿದಂತೆ ಕಾಣುತ್ತದೆ. ಮಕ್ಕಳೇ, ನೀವೂ ಮಾಡಿ ನೋಡಬಹುದು. ಬೂದುಬಣ್ಣದ ಒಂದೇ ಕಾಗದದಿಂದ ಎರಡು ಸಣ್ಣ ಚೌಕ ಕತ್ತರಿಸಿ. ಒಂದನ್ನು ಕಪ್ಪು ಹಾಳೆಯ ಮೇಲೆ, ಇನ್ನೊಂದನ್ನು ಬಿಳಿ ಹಾಳೆಯ ಮೇಲೆ ಇಡಿ. ಕಪ್ಪಿನ ಮೇಲಿನದು ತಿಳಿಯಾಗಿ, ಬಿಳಿಯ ಮೇಲಿನದು ಗಾಢವಾಗಿ ಕಾಣದಿದ್ದರೆ ಕೇಳಿ. ಫ್ರಾನ್ಸಿನಲ್ಲಿ ಷೆವ್ರಲ್ ಎಂಬ ರಸಾಯನಶಾಸ್ತ್ರಜ್ಞ ಇದ್ದ. ಪ್ಯಾರಿಸ್ಸಿನ ಗೋಬೆಲಿನ್ ಎಂಬ ನೇಯ್ಗೆಯ ಕಾರ್ಖಾನೆಯಲ್ಲಿ ನೂಲಿಗೆ ಬಣ್ಣ ಹಾಕುವ ವಿಭಾಗಕ್ಕೆ ಅವನು ಮುಖ್ಯಸ್ಥ. ಕಪ್ಪು ನೂಲು ಸರಿಯಾಗಿ ಕಪ್ಪಗೆ ಕಾಣುತ್ತಿಲ್ಲ ಎಂಬ ದೂರು ಬಂತು. ಅವನು ಪರೀಕ್ಷೆ ಮಾಡಿ, ಬಣ್ಣ ಸರಿಯಾಗಿಯೇ ಇದೆ, ಪಕ್ಕದಲ್ಲಿ ನೇಯ್ದ ಬೇರೆ ಬಣ್ಣ ಅದನ್ನು ಹಾಗೆ ತೋರಿಸುತ್ತಿದೆ ಎಂದು ಕಂಡುಕೊಂಡ. 1839ರಲ್ಲಿ ಅದರ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದ. ಆಸಾಮಿ ಬದುಕಿದ್ದು 102 ವರ್ಷ.

ಹಾಗಾಗಿ ನಾನು ಮೇಸ್ತ್ರಿಗೆ ಹೇಳಿ ಎರಡಡಿ ಚೌಕದ ಎರಡು ರಟ್ಟಿಗೆ ಎರಡೆರಡು ಕೋಟ್ ಬಳಿಸಿದೆ. ರಟ್ಟಿನ ಅನುಕೂಲವೆಂದರೆ ಅದನ್ನು ಕಿಟಕಿಯ ಪಕ್ಕ, ಮೂಲೆ, ಸೋಫಾದ ಹಿಂದೆ ಎಲ್ಲೆಂದರಲ್ಲಿ ನಿಲ್ಲಿಸಿ ನೋಡಬಹುದು. ಶೇಡ್ ಕಾರ್ಡಿನ ಬೆರಳಗಲದ ಚೌಕವನ್ನು ನಂಬಿ ಬಣ್ಣ ತರುವುದು ಅಕ್ಕಿಯ ಒಂದು ಕಾಳು ನೋಡಿ ಮದುವೆ ಊಟಕ್ಕೆ ಮೂಟೆ ಕೊಂಡ ಹಾಗೆ. ನಾಲ್ಕೂ ಗೋಡೆಗೆ ಬಳಿದ ಮೇಲೆ ಒಂದು ಗೋಡೆಯ ಬಣ್ಣ ಇನ್ನೊಂದರ ಮೇಲೆ ಬಿದ್ದು, ಅದು ಮತ್ತೆ ಇದರ ಮೇಲೆ ಬಿದ್ದು, ಕಾರ್ಡಿನಲ್ಲಿ ಕಂಡದ್ದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ.

ಇನ್ನು ಬೆಳಕಿನ ವಿಷಯ. ನಮ್ಮ ನಡುಮನೆಗೆ ಪಕ್ಕದಲ್ಲಿ ಒಂದು ಕಿಟಕಿ. ಅದರಾಚೆ ಪಕ್ಕದ ಮನೆಯವರ ಕಾಂಪೌಂಡು. ಹೋದ ವರ್ಷ ಅವರು ಆ ಗೋಡೆಗೆ ಕಿತ್ತಳೆ ಬಣ್ಣ ಹೊಡೆಸಿದ್ದಾರೆ. ಅವರ ಗೋಡೆ, ಅವರ ಇಷ್ಟ. ಆದರೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬಿಸಿಲು ಅದಕ್ಕೆ ಬಡಿದು ನಮ್ಮ ಮನೆಯೊಳಗೆ ಕಿತ್ತಳೆಯ ಛಾಯೆ ಬರುತ್ತದೆ. ಆ ಹೊತ್ತಿನಲ್ಲಿ ಗಿಣ್ಣು ಎಂಬ ಬಣ್ಣ ಗಿಣ್ಣಾಗಿ ಉಳಿಯದೆ ಚರ್ಮದ ಬಣ್ಣಕ್ಕೆ ತಿರುಗುತ್ತಿತ್ತು. ಬೆಳಗ್ಗೆ ಪೂರ್ವದ ಬಾಗಿಲು ತೆರೆದಾಗ ಎರಡೂ ಅವಳಿ-ಜವಳಿ. ರಾತ್ರಿ ಮತ್ತೆ ಬೇರೆ.

ರಾತ್ರಿಯದು ಬಲ್ಬಿನ ಕೈವಾಡ. ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲೆ 3000 ಕೆ, 6500 ಕೆ ಎಂದು ಬರೆದಿರುತ್ತಾರೆ, ನೋಡಿ. ಕೆ ಎಂದರೆ ಕೆಲ್ವಿನ್, ತಾಪ ಅಳೆಯುವ ಮಾನ. 3000 ಹಳದಿ ಬೆಳಕು, 6500 ನೀಲಿ ಬೆರೆತ ಬಿಳಿ. ಸಂಖ್ಯೆ ಹೆಚ್ಚಾದಂತೆ ಬೆಳಕು ತಂಪಾಗಿ ಕಾಣುವುದು ಮಗನಿಗೆ ಉಲ್ಟಾ ಅನಿಸಿತು. ಕಮ್ಮಾರನ ಕುಲುಮೆಯನ್ನು ನೋಡಿದವರಿಗೆ ಉಲ್ಟಾ ಅನಿಸುವುದಿಲ್ಲ. ಕಬ್ಬಿಣ ಕಾದಂತೆ ಮೊದಲು ಕೆಂಪು, ಆಮೇಲೆ ಹಳದಿ, ಇನ್ನೂ ಕಾದರೆ ಬಿಳಿ. ನಮ್ಮಲ್ಲಿ ಒಂದು ಟ್ಯೂಬು 6500ರದು, ದೇವರ ಮನೆಯ ಬಾಗಿಲಿನ ಮೇಲಿನ ದೀಪ 3000ದ್ದು. ಪುಟ್ಟಿ ಒಂದೊಂದನ್ನೇ ಹಾಕಿ ಆರಿಸಿ, ಹಳದಿ ದೀಪದಲ್ಲಿ ಕೆನೆ ಮತ್ತು ಗಿಣ್ಣು ಬೇರೆ ಬೇರೆ ಎಂದು ಹೇಳಲು ಕಷ್ಟ, ಬಿಳಿ ಟ್ಯೂಬಿನಲ್ಲಿ ಸುಲಭ ಎಂದು ನೋಟ್‌ಬುಕ್ಕಿನಲ್ಲಿ ಬರೆದಳು. ಹಳೆಯ ಗುಮಾಸ್ತನಿಗೆ ಮೊಮ್ಮಗಳು ಕಾಲಂ ಎಳೆದು ಲೆಕ್ಕ ಬರೆಯುವುದನ್ನು ನೋಡುವುದಕ್ಕಿಂತ ಸಂತೋಷ ಇನ್ನೇನಿದೆ?

ಇಷ್ಟರಲ್ಲಿ ನನಗೇ ಒಂದು ವಿಚಿತ್ರ ಗಮನಕ್ಕೆ ಬಂತು. ಒಂದು ಬೆಳಗ್ಗೆ ಎಡಗಣ್ಣಿಗೆ ಧೂಳು ಬಿದ್ದು ಉಜ್ಜುತ್ತಿದ್ದೆ. ಬಲಗಣ್ಣೊಂದರಲ್ಲೇ ರಟ್ಟುಗಳನ್ನು ನೋಡಿದರೆ ಎರಡೂ ಸ್ಪಷ್ಟವಾಗಿ ಬೇರೆ. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದರೆ ಎರಡೂ ಹಳದಿ, ವ್ಯತ್ಯಾಸ ಬಹಳ ಕಡಿಮೆ. ಒಬ್ಬನೇ ಮನುಷ್ಯ, ಎರಡು ಅಭಿಪ್ರಾಯ! ಕಾರಣ ಹೀಗೆ. ನನ್ನ ಬಲಗಣ್ಣಿಗೆ ಎರಡು ವರ್ಷದ ಹಿಂದೆ ಪೊರೆಯ ಶಸ್ತ್ರಚಿಕಿತ್ಸೆ ಆಗಿದೆ. ಎಡಗಣ್ಣಿನ ಪೊರೆ ಇನ್ನೂ ಎಳೆಯದು, ಸ್ವಲ್ಪ ದಿನ ಹೋಗಲಿ ಎಂದಿದ್ದಾರೆ ಡಾಕ್ಟರು. ಕಣ್ಣಿನೊಳಗಿನ ಮಸೂರ ಮಗುವಿನಲ್ಲಿ ಗಾಜಿನಷ್ಟು ತಿಳಿ. ವಯಸ್ಸಾದಂತೆ ಹಳದಿಯಾಗುತ್ತ, ಮಬ್ಬಾಗುತ್ತ ಹೋಗುತ್ತದೆ. ಆ ಹಳದಿ ಮಸೂರ ನೀಲಿ ಬೆಳಕನ್ನು ತಡೆದುಬಿಡುತ್ತದೆ. ಬಿಳಿಯ ಅಕ್ಕಪಕ್ಕದ ತೆಳುಬಣ್ಣಗಳೆಲ್ಲ ಒಂದೇ ಆಗಿಬಿಡುತ್ತವೆ. ನಿಧಾನವಾಗಿ ಆಗುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಹಳದಿ ಕನ್ನಡಕವನ್ನು ಯಾರೋ ಇಪ್ಪತ್ತು ವರ್ಷ ತೆಗೆದುಕೊಂಡು ಕಣ್ಣಿಗೆ ತೊಡಿಸಿದ ಹಾಗೆ. ಶಸ್ತ್ರಚಿಕಿತ್ಸೆಯಲ್ಲಿ ಆ ಮಸೂರ ತೆಗೆದು ತಿಳಿಯಾದ ಹೊಸದನ್ನು ಇಡುತ್ತಾರೆ. ಸುಣ್ಣಕ್ಕೆ ನೀಲಿ ಹಾಕಿದ ಹಾಗೆ ಬಿಳಿ ಮತ್ತೆ ಬಿಳಿಯಾಗುತ್ತದೆ.

ಈ ಸಂಗತಿ ಪುಟ್ಟಿಗೆ ಹಬ್ಬವಾಯಿತು. ಮನೆಯವರನ್ನೆಲ್ಲ ಕೂರಿಸಿ ಒಂದೊಂದು ಕಣ್ಣು ಮುಚ್ಚಿಸಿ, ಟ್ಯೂಬಿನ ಕೆಳಗೆ ರಟ್ಟುಗಳನ್ನು ಹಿಡಿದು, ಪ್ರಶ್ನೆ ಕೇಳಿ ಬರೆದುಕೊಂಡಳು. ಅಪ್ಪ: ಬಲ ಬೇರೆ, ಎಡ ಬೇರೆ. ಅಮ್ಮ: ಬಲ ಬೇರೆ, ಎಡ ಬೇರೆ. ತಮ್ಮ: ಬಲ ಬೇರೆ, ಎಡ ಬೇರೆ, ಗಿಣ್ಣು ಯಾವಾಗ ಮಾಡ್ತೀರಿ. ಅಜ್ಜ: ಬಲ ಬೇರೆ, ಎಡ ಹೆಚ್ಚುಕಮ್ಮಿ ಒಂದೇ. ಅಜ್ಜಿ: ಬಲ ಒಂದೇ, ಎಡ ಒಂದೇ.

ಆ ಕೊನೆಯ ಸಾಲನ್ನು ನಾನು ಬಹಳ ಹೊತ್ತು ನೋಡಿದೆ.

ನನ್ನಾಕೆಯ ವಿಷಯ ನಿಮಗೆ ಹೇಳಬೇಕು. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಸೀರೆಗೆ ರವಿಕೆ ಕಣ, ಫಾಲ್ಸ್, ದಾರ ಹೊಂದಿಸಲು ಇವಳನ್ನು ಕರೆದುಕೊಂಡು ಹೋಗುತ್ತಿದ್ದರು. ಗಾಂಧಿ ಬಜಾರಿನ ಅಂಗಡಿಗಳಲ್ಲಿ ಟ್ಯೂಬ್ ಲೈಟಿನ ಕೆಳಗೆ ತೋರಿಸಿದ್ದನ್ನು ಇವಳು ಎಂದೂ ಒಪ್ಪಿದವಳಲ್ಲ. ಸೀರೆಯ ಸೆರಗನ್ನೂ ಕಣವನ್ನೂ ಹಿಡಿದು ನೇರ ಬೀದಿಗೆ ಬಂದು ಬಿಸಿಲಿನಲ್ಲಿ ನೋಡಿ, "ಇದು ಮಾವಿನ ಚಿಗುರು, ಅದು ಗೇರುಹಣ್ಣು, ಹೊಂದೋದಿಲ್ಲ" ಎಂದು ಮತ್ತೆ ಒಳಗೆ ಹೋಗುವಳು. ಅಂಗಡಿಯ ದೀಪದಲ್ಲಿ ಒಂದೇ ಆಗಿ ಕಂಡ ಎರಡು ಬಟ್ಟೆ ಬಿಸಿಲಿನಲ್ಲಿ ಬೇರೆಯಾಗುವುದು ಯಾವ ಶಾಸ್ತ್ರದಿಂದ ಎಂದು ಅವಳು ಓದಿರಲಿಲ್ಲ. ಕಣ್ಣಿಗೆ ಗೊತ್ತಿತ್ತು. ಅಂಥವಳು ಎರಡು ರಟ್ಟು ನೋಡಿ, "ಎರಡೂ ಒಂದೇ ಅಲ್ವೇನ್ರೀ? ಪೆನ್ಷನ್ ಬಂದ ಮೇಲೆ ನಿಮಗೆ ಬೇರೆ ಕೆಲಸ ಇಲ್ಲ. ಯಾವುದೋ ಒಂದು ಹೊಡೆಸಿ" ಎಂದಳು.

ಸೂಜಿಗೆ ದಾರ ಪೋಣಿಸಲು ಮೊಮ್ಮಗನನ್ನು ಕರೆಯುವುದು, ಟ್ಯೂಬು ಮಂಕಾಗಿದೆ ಬದಲಾಯಿಸಿ ಎನ್ನುವುದು, ಗೌರಿ ಹಬ್ಬದ ಸೀರೆಗೆ ಕಣ ಆರಿಸಲು ಸೊಸೆಯನ್ನೇ ಕಳಿಸಿದ್ದು ಎಲ್ಲ ಸೇರಿ ಲೆಕ್ಕ ಕೂಡಿತು. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದು ನಾನು ಎರಡು ವರ್ಷದಿಂದ ಹೇಳುತ್ತಲೇ ಇದ್ದೆ. ಹಬ್ಬ ಆಗಲಿ, ಮಳೆ ನಿಲ್ಲಲಿ, ಮಕ್ಕಳ ಪರೀಕ್ಷೆ ಮುಗಿಯಲಿ. ಅವಳಿಗೆ ನಿಜವಾಗಿ ಇದ್ದದ್ದು ಹೆದರಿಕೆ. ಅವಳ ತಾಯಿಗೆ ಐವತ್ತು ವರ್ಷದ ಹಿಂದೆ ಪೊರೆ ತೆಗೆಸಿದ್ದರು. ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ನಡೆಸಿ ಸಾವಿರಾರು ಬಡವರಿಗೆ ದೃಷ್ಟಿ ಕೊಡುತ್ತಿದ್ದ ಕಾಲ ಅದು. ಅಜ್ಜ-ಅಜ್ಜಿಯರಿಗೆ ಅವರ ಹೆಸರು ನೆನಪಿರುತ್ತದೆ. ನಮ್ಮ ಅತ್ತೆಯವರದು ಆಸ್ಪತ್ರೆಯಲ್ಲಿ ಆಯಿತು, ಚೆನ್ನಾಗಿಯೇ ಆಯಿತು. ಆದರೆ ಆಗ ಒಳಗೆ ಹೊಸ ಮಸೂರ ಇಡುತ್ತಿರಲಿಲ್ಲ. ತಲೆ ಅಲುಗದಂತೆ ಎರಡೂ ಕಡೆ ಮರಳಿನ ಚೀಲ ಇಟ್ಟು ದಿನಗಟ್ಟಲೆ ಮಲಗಿಸುತ್ತಿದ್ದರು, ಆಮೇಲೆ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ. ಹರೆಯದ ಮಗಳು ಪಕ್ಕದಲ್ಲಿ ಕೂತು ಅದನ್ನೆಲ್ಲ ನೋಡಿದ್ದಳು.

ನಾನು ಜಗಳ ಮಾಡಲಿಲ್ಲ. "ಈ ನಡುಮನೆಯಲ್ಲಿ ನನಗಿಂತ ಜಾಸ್ತಿ ಹೊತ್ತು ಕೂರೋಳು ನೀನು. ಹೂ ಕಟ್ಟೋದು ಇಲ್ಲಿ, ಸೀರಿಯಲ್ ನೋಡೋದು ಇಲ್ಲಿ. ಎರಡೂ ಬೇರೆ ಅಂತ ನಿನಗೆ ಕಂಡ ದಿನ ನೀನೇ ಆರಿಸು. ಅಲ್ಲಿಯವರೆಗೆ ಬಣ್ಣ ಇಲ್ಲ" ಎಂದೆ.

"ಪುಟ್ಟಿ ಹಾಕಿದ ಬೋಳು ಗೋಡೆ ಇಟ್ಕೊಂಡು ಕೂರೋದಾ? ನೆಂಟರು ಬಂದರೆ ಏನಂದಾರು?"

"ನಿನ್ನ ಕಡೆಯ ನೆಂಟರಿಗೆ ನೀನು ಹೇಳು, ನನ್ನ ಕಡೆಯವರಿಗೆ ನಾನು ಹೇಳ್ತೀನಿ."

ಒಂಬತ್ತು ದಿನ ಹಾಗೇ ಕಳೆಯಿತು. ಮೇಸ್ತ್ರಿ ಬೇರೆ ಮನೆಯ ಕೆಲಸ ಹಿಡಿದ. ಆ ದಿನಗಳಲ್ಲಿ ನಾನು ಫ್ರಾನ್ಸಿನ ಚಿತ್ರಕಾರ ಮೊನೆಯ ವಿಷಯ ಓದಿದೆ. ತನ್ನ ಮನೆಯ ತೋಟದ ಕೊಳ, ನೈದಿಲೆಗಳನ್ನು ಮತ್ತೆ ಮತ್ತೆ ಬರೆದವನು. ಪೊರೆ ಬಂದ ಮೇಲೆ ಅವನ ಚಿತ್ರಗಳಲ್ಲಿ ಕೆಂಪು, ಹಳದಿ, ಕಂದು ಹೆಚ್ಚಾದವು. ಬಣ್ಣದ ಟ್ಯೂಬಿನ ಮೇಲಿನ ಹೆಸರು ಓದಿ ಬಣ್ಣ ತೆಗೆಯುತ್ತಿದ್ದನಂತೆ. ಕೊನೆಗೆ 1923ರಲ್ಲಿ, 82ನೇ ವಯಸ್ಸಿನಲ್ಲಿ, ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಆಗ ಎಲ್ಲವೂ ನೀಲಿಯಾಗಿ ಕಂಡು ಗಾಬರಿಯಾದ. ಇನ್ನೊಂದು ಕಣ್ಣಿಗೆ ಮಾತ್ರ ಯಾರು ಹೇಳಿದರೂ ಒಪ್ಪಲೇ ಇಲ್ಲ. ಇದನ್ನು ನಾನು ಮೊಮ್ಮಕ್ಕಳಿಗೆ ಹೇಳುತ್ತಿದ್ದೆ. ನನ್ನಾಕೆ ಅಡುಗೆಮನೆಯಲ್ಲಿ ಸೌಟಿನ ಸದ್ದು ಮಾಡದೆ ಇದ್ದದ್ದು ನನಗೆ ಗೊತ್ತಾಯಿತು.

ಆ ರಾತ್ರಿ ದೀಪ ಆರಿಸಿದ ಮೇಲೆ ಕೇಳಿದಳು. "ನಿಮಗೆ ನೋವಾಯ್ತಾ?"

ಎರಡು ವರ್ಷದಲ್ಲಿ ಅವಳು ಅದನ್ನು ಕೇಳಿರಲಿಲ್ಲ. ನೋವಿಲ್ಲ, ಹೊರಗೆ ಕಾದು ಕೂತದ್ದೇ ಜಾಸ್ತಿ ಹೊತ್ತು, ತಿಂಡಿ ತಿಂದು ಹೋದವನು ಸಂಜೆಯ ಕಾಫಿಗೆ ಮನೆಯಲ್ಲಿದ್ದೆನಲ್ಲ, ನೀನೇ ಮಾಡಿಕೊಟ್ಟೆ ಎಂದೆ. ಮರಳಿನ ಚೀಲ? ಇಲ್ಲ. ದಪ್ಪ ಕನ್ನಡಕ? ನನ್ನ ಮುಖದ ಮೇಲೆ ಇರುವುದೇ. ಅವಳು ಮಗ್ಗುಲಾಗಿ ಮಲಗಿದಳು. ಬೆಳಗ್ಗೆ ಸೊಸೆಗೆ, "ಆ ಡಾಕ್ಟರಿಗೆ ಫೋನ್ ಮಾಡಿ ಯಾವತ್ತು ಬರಬೇಕು ಕೇಳಮ್ಮ" ಎಂದಳು.

ಎರಡೂ ಕಣ್ಣಿನಲ್ಲಿ ಪೊರೆ, ಎಡಗಣ್ಣಿನದು ಹೆಚ್ಚು ಬಲಿತಿದೆ ಎಂದರು. ಡಿಸೆಂಬರ್ ಮೊದಲ ವಾರ ಎಡಗಣ್ಣಿಗೆ ಶಸ್ತ್ರಚಿಕಿತ್ಸೆ ಆಯಿತು. ಕೆಲವು ವಾರ ಧೂಳು, ಹೊಗೆ ಬೇಡ ಎಂದದ್ದರಿಂದ ಗೋಡೆ ಉಜ್ಜುವ ಮಾತೇ ಇಲ್ಲ. ನಾನು ದಿನಕ್ಕೆ ಇಷ್ಟು ಸಲ ಎಂದು ಕಣ್ಣಿಗೆ ಹನಿ ಹಾಕಿ ಕ್ಯಾಲೆಂಡರಿನಲ್ಲಿ ಗುರುತು ಮಾಡುತ್ತಿದ್ದೆ. ರಟ್ಟುಗಳನ್ನು ಬೀರುವಿನ ಹಿಂದೆ ಇಟ್ಟಿದ್ದೆವು.

ಹೊಸ ವರ್ಷದ ಹಿಂದುಮುಂದಿನ ಒಂದು ದಿನ ಅವಳೇ ಅವನ್ನು ಎಳೆದು ತೆಗೆದಳು. ನಡುಮನೆಯಲ್ಲಿ ನಿಂತು ನೋಡಲಿಲ್ಲ. ಎರಡನ್ನೂ ಕಂಕುಳಲ್ಲಿ ಇಟ್ಟುಕೊಂಡು ಜಗಲಿ ದಾಟಿ ಅಂಗಳಕ್ಕೆ ಹೋಗಿ, ಕಪ್ಪು ಕನ್ನಡಕವನ್ನು ಹಣೆಗೆ ಏರಿಸಿ, ಬಿಸಿಲಿಗೆ ಹಿಡಿದಳು. ಗಾಂಧಿ ಬಜಾರಿನ ಬೀದಿಯಲ್ಲಿ ನಿಂತಂತೆ.

"ಎರಡೂ ಒಂದೇ ಅಂದವರು ಯಾರು? ಇದರಲ್ಲಿ ಕೆಂಪು ಇದೆ ಕಣ್ರೀ. ಅದರಲ್ಲಿ ಹಸಿರಿನ ಎಳೆ ಇದೆ."

ಗಿಣ್ಣಿನಲ್ಲಿ ಕೆಂಪು ಇರಬಹುದು. ಕೆನೆಯಲ್ಲಿ ಹಸಿರು ನಮ್ಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವತ್ತು ಸಂಜೆ ಪೇಂಟ್ ಅಂಗಡಿಗೆ ಹೋಗಿ ಹುಡುಗನನ್ನು ಕೇಳಿದೆ. ಅವನು ಯಂತ್ರದ ಪರದೆಯಲ್ಲಿ ಎರಡೂ ನಂಬರ್ ಹಾಕಿ ತೋರಿಸಿದ. ಹಳದಿ ಎರಡಕ್ಕೂ ಇದೆ, ಒಂದಿಷ್ಟು ಹೆಚ್ಚುಕಮ್ಮಿ. ಗಿಣ್ಣಿಗೆ ಅದರ ಜೊತೆ ಒಂದು ತೊಟ್ಟು ಕೆಂಪು. ಕೆನೆಗೆ ಒಂದು ತೊಟ್ಟು ಕಪ್ಪು. "ಹಸಿರು ಎಲ್ಲಿದೆಯಪ್ಪ?" ಎಂದರೆ, "ಹಳದಿಗೆ ಕಪ್ಪು ಸೇರಿದರೆ ಹಸಿರು ಹೊಡೆಯುತ್ತೆ ಸಾರ್" ಎಂದ. ಮನೆಗೆ ಬಂದು ಪುಟ್ಟಿಯ ಬಣ್ಣದ ಪೆಟ್ಟಿಗೆಯಲ್ಲಿ ಹಳದಿಗೆ ಕಪ್ಪು ಕಲಸಿ ನೋಡಿದೆವು. ಹೌದು, ಪಾಚಿಯ ಹಸಿರು. ಮಕ್ಕಳೇ, ನಿಮ್ಮ ಪೆಟ್ಟಿಗೆಯಲ್ಲೂ ನೋಡಿ.

ಅವಳು ಆರಿಸಿದ್ದು ಕೆನೆ. "ಮಧ್ಯಾಹ್ನ ಪಕ್ಕದ ಮನೆಯವರು ಹೇಗೂ ಕೆಂಪು ಕಳಿಸ್ತಾರೆ, ನಾವು ಬೇರೆ ಯಾಕೆ ತರಬೇಕು?" ಎಂಬುದು ಅವಳ ವಾದ. ಹನ್ನೆರಡು ಗಂಟೆಗೆ ಕೆನೆಯ ರಟ್ಟನ್ನು ಕಿಟಕಿಯೆದುರು ನಿಲ್ಲಿಸಿದರೆ ಕಿತ್ತಳೆಯ ಛಾಯೆಯೂ ಹಸಿರಿನ ಎಳೆಯೂ ಒಂದಕ್ಕೊಂದು ಸರಿಹೋಗಿ ಹದವಾದ ಬೆಣ್ಣೆಯ ಬಣ್ಣ. ಹುಳಿ ಜಾಸ್ತಿಯಾದ ಸಾರಿಗೆ ಬೆಲ್ಲ ಹಾಕುವವರಿಗೆ ಇದನ್ನು ಕಲಿಸಿಕೊಡಬೇಕಾಗಿಲ್ಲ.

ಆಮೇಲಿನದು ನನ್ನ ಕೆಲಸ. ಕೋಣೆಯ ಸುತ್ತಳತೆ 52 ಅಡಿ, ಎತ್ತರ 10, ಒಟ್ಟು 520 ಚದರಡಿ. ಬಾಗಿಲು ಒಂದಕ್ಕೆ 21, ಕಿಟಕಿ ಎರಡಕ್ಕೆ 32 ಕಳೆದರೆ 467. ಎರಡು ಕೋಟಿಗೆ ಲೀಟರಿಗೆ ಸುಮಾರು 130 ಚದರಡಿ ಎಂದು ಅಂಗಡಿಯವರ ಲೆಕ್ಕ. ಮೂರೂವರೆ ಲೀಟರಿಗೆ ತುಸು ಮೇಲೆ. ಮೇಸ್ತ್ರಿ ಐದು ಬೇಕು ಎಂದ. ನಾನು ನಾಲ್ಕು ಲೀಟರಿನ ಒಂದು ಡಬ್ಬಿ ತಂದೆ. ಒಂದೇ ಡಬ್ಬಿಯಾದರೆ ಇನ್ನೊಂದು ಅನುಕೂಲ. ಬೇರೆ ಬೇರೆ ದಿನ ಬೆರೆಸಿದ ಡಬ್ಬಿಗಳಲ್ಲಿ ನಂಬರ್ ಒಂದೇ ಇದ್ದರೂ ಕೂದಲೆಳೆಯಷ್ಟು ವ್ಯತ್ಯಾಸ ಬರಬಹುದು. ಎರಡು ಡಬ್ಬಿ ಬೇಕಾದವರು ಎರಡನ್ನೂ ಮೊದಲೇ ದೊಡ್ಡ ಬಕೆಟ್ಟಿಗೆ ಸುರಿದು ಕಲಸಿಕೊಳ್ಳಬೇಕು. ನನ್ನಾಕೆಯನ್ನು ಮೂರು ದಿನ ಮಗಳ ಮನೆಗೆ ಕಳಿಸಿ ಕೆಲಸ ಮುಗಿಸಿದೆವು. ಸಂಕ್ರಾಂತಿಗೆ ಎಳ್ಳು ಬೀರಲು ಬಂದವರು ಗೋಡೆ ನೋಡಿ, "ಬಿಳಿ ಹೊಡೆಸಿದ್ದೀರಾ? ಚೆನ್ನಾಗಿದೆ" ಎಂದರು. ಬಿಳಿಯಂತೆ! ನನ್ನಾಕೆ ನನ್ನ ಮುಖ ನೋಡಿದಳು.

ಮೊಮ್ಮಗನಿಗೆ ಸಿಟ್ಟು ಬಂದಿತ್ತು. ಮಾದರಿಗೆ ತಂದ ಗಿಣ್ಣಿನ ಡಬ್ಬಿಯಲ್ಲಿ ಉಳಿದದ್ದನ್ನು ಅವನ ಪುಸ್ತಕದ ಗೂಡಿನ ಒಳಗೆ ಬಳಿಸಿಕೊಟ್ಟ ಮೇಲೆ ಸಮಾಧಾನವಾಯಿತು. ಕೆನೆ ಅರ್ಧ ಲೀಟರಿಗೆ ಸ್ವಲ್ಪ ಕಮ್ಮಿ ಉಳಿದಿದೆ. ಮುಚ್ಚಳದ ಮೇಲೆ ಶೇಡಿನ ನಂಬರ್, ಬೆರೆಸಿದ ತಾರೀಕು, ಯಾವ ಕೋಣೆ ಎಂದು ಬರೆದು ಅಟ್ಟದ ಮೇಲೆ ಇಟ್ಟಿದ್ದೇನೆ.

ಅವಳಿಗೆ ಎಡಗಣ್ಣು, ನನಗೆ ಬಲಗಣ್ಣು. ಇಬ್ಬರಿಗೂ ಸೇರಿ ಈಗ ಎರಡು ಒಳ್ಳೆಯ ಕಣ್ಣು. ಅವಳ ಆ ಒಂದು ಕಣ್ಣಿನ ದೆಸೆಯಿಂದ ನನ್ನ ಬಿಳಿ ಪಂಚೆಗಳೆಲ್ಲ ಹಳದಿಯಾಗಿವೆ ಎಂದು ಗೊತ್ತಾಗಿ ಮೂರು ಪಂಚೆ ನೆಲ ಒರೆಸಲು ಹೋದವು. ಅವಳ ಬಲಗಣ್ಣಿಗೆ ಮಾರ್ಚಿನಲ್ಲಿ ದಿನ ಕೊಟ್ಟಿದ್ದಾರೆ. ಮಲಗುವ ಕೋಣೆಯ ಬಣ್ಣ ಅದಾದ ಮೇಲೆಯೇ. ಶೇಡ್ ಕಾರ್ಡಿನಲ್ಲಿ ಪುಟ್ಟಿ ಆಗಲೇ ಮೂರು ನೀಲಿಗಳ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದಾಳೆ. ನನ್ನ ಬಲಗಣ್ಣಿಗೆ ಅವುಗಳಲ್ಲಿ ಎರಡು ಒಂದೇ ತರಹ ಕಾಣುತ್ತಿವೆ.